ಖಾಲಿ ಬ್ಲಡ್ ಬ್ಯಾಗು ಎಲ್ಲಿ ಸಿಗುತ್ತದೆ?

ನಮ್ಮ ಕಡೆ ಹೆಂಗಸರಿಗೆ ರಕ್ತ ಕಡಿಮೆ ಇರಬೇಕು. ಯಾರೂ ಬರೆದಿಟ್ಟ ನಿಯಮವಲ್ಲ ಇದು, ಆದರೆ ಡಾಕ್ಟರರಿಂದ ಹಿಡಿದು ಮೀನು ಮಾರುವ ಹೆಂಗಸಿನವರೆಗೆ ಎಲ್ಲರಿಗೂ ಗೊತ್ತು. ಸುಸ್ತಾದರೆ ರಕ್ತ ಕಡಿಮೆ, ತಲೆ ತಿರುಗಿದರೆ ರಕ್ತ ಕಡಿಮೆ, ಸುಮ್ಮನೆ ಸಿಟ್ಟು ಬಂದರೂ ರಕ್ತ ಕಡಿಮೆ. ಹಾಗಾಗಿ ನನಗೆ ರಕ್ತ ಹೆಚ್ಚಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ನಾನು ಎರಡು ಮಳೆಗಾಲ ಕಬ್ಬಿಣದ ಟಾನಿಕ್ಕು ಕುಡಿದು ಮುಗಿಸಿದ್ದೆ.

ಈ ಕಾಯಿಲೆಯ ಇನ್ನೊಬ್ಬರನ್ನು ನಮ್ಮ ಸೀಮೆಯಲ್ಲಿ ನಾನು ಇವತ್ತಿನವರೆಗೆ ಕಂಡಿಲ್ಲ. ಎಲ್ಲಾದರೂ ಒಬ್ಬರು ಇದ್ದು, ಸ್ನಾನ ಮುಗಿಸಿ ಬಂದು ಮೈ ಪರಚಿಕೊಳ್ಳುತ್ತ, ಮನೆಯವರ ಉಪದೇಶ ಕೇಳುತ್ತ ಕೂತಿದ್ದರೆ, ಅವರು ಇದನ್ನು ಓದಲಿ. ತಲೆ ಕೆಟ್ಟಿರುವುದು ನಿಮ್ಮದಲ್ಲ ಎಂದು ಹೇಳುವವರು ಒಬ್ಬರಾದರೂ ಇರಲಿ.

ನಾನಾಗ ಅಂಕೋಲೆಯ ಟೆಲಿಫೋನ್ ಆಫೀಸಿನಲ್ಲಿ ಬಿಲ್ಲಿನ ಕೌಂಟರಿನಲ್ಲಿದ್ದೆ. ಮನೆ ಬೇಲೆಕೇರಿ. ನಮ್ಮನೆಯವರು ರಾಮಚಂದ್ರ, ಸಹಕಾರಿ ಸಂಘದಲ್ಲಿ ಕೆಲಸ; ಬೆಳಿಗ್ಗೆ ಸಂಜೆ ಗದ್ದೆ. ಮನೆಯಲ್ಲಿ ಅತ್ತೆ. ಅದಿರಿನ ಲಾರಿಗಳು ಬಂದರಿಗೆ ಸಾಲುಗಟ್ಟಿ ಓಡುತ್ತಿದ್ದ ಕಾಲ. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು, ಬಾಳೆ ಎಲೆ ಕೆಂಪು, ಬಾವಿಕಟ್ಟೆ ಕೆಂಪು.

ಮೊದಲು ಬಂದದ್ದು ತುರಿಕೆ. ಸ್ನಾನ ಮಾಡಿದ ಮೇಲೆ ಮಾತ್ರ. ಮೈಮೇಲೆ ಒಂದು ಗುಳ್ಳೆ ಇಲ್ಲ, ಕಲೆ ಇಲ್ಲ, ಆದರೆ ಟವೆಲ್ಲು ಮುಟ್ಟಿದ ಕೂಡಲೇ ಸಾವಿರ ಸೂಜಿ ಚುಚ್ಚಿದಂತೆ. ಸೋಪು ಬದಲಿಸಿದೆ, ಸೋಪು ಬಿಟ್ಟು ಕಡಲೆಹಿಟ್ಟು ಹಚ್ಚಿದೆ, ಬಾವಿ ನೀರು ಬಿಟ್ಟು ನಲ್ಲಿ ನೀರು ಹಿಡಿದೆ. ಕೊನೆಗೆ ಸ್ನಾನವೆಂದರೆ ಅಳು ಬರುವಂತಾಯಿತು. ಬೇಲೆಕೇರಿಯ ಸೆಕೆಯಲ್ಲಿ ಎರಡು ಹೊತ್ತು ಮೀಯದೆ ಇರುವುದು ಹೇಗೆ?

ಅತ್ತೆ ಮಾತ್ರ ಕಾರಣ ಕಂಡುಹಿಡಿದುಬಿಟ್ಟಿದ್ದರು. "ನೀರಿಂದೂ ಅಲ್ಲ, ಸೋಪಿಂದೂ ಅಲ್ಲ. ಅದಿರಿನ ಧೂಳು ಮೈಯೊಳಗೆ ಹೊಕ್ಕದೆ. ಕಬ್ಬಿಣ ಹೊಕ್ರೆ ತುರಿಸದೆ ಬಿಡ್ತದೆಯಾ?"

ಆಮೇಲೆ ತಲೆನೋವು, ಅಂಗಾಲು ಉರಿ, ಮಧ್ಯಾಹ್ನ ಊಟದ ನಂತರ ಕುರ್ಚಿಯಿಂದ ಏಳಲಾಗದಷ್ಟು ಸುಸ್ತು. ಮುಖ ಮಾತ್ರ ಕೆಂಪಗೆ, ದಾಸವಾಳದ ಹಾಗೆ. ಬಿಲ್ಲು ಕಟ್ಟಲು ಬಂದವರೆಲ್ಲ, "ಬಾಯೋರೆ, ಮೈ ಹಿಡಿದದೆ ನಿಮಗೆ, ಕಳೆ ಬಂದದೆ" ಎನ್ನುತ್ತಿದ್ದರು. ಇಂಥ ಕಳೆ ಬಂದವಳಿಗೆ ಸುಸ್ತು ಎಂದರೆ ಯಾರು ನಂಬುತ್ತಾರೆ? ನಾನು ತೋರಿಸಿದ ಡಾಕ್ಟರರು ನನ್ನ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಲಿಲ್ಲ. "ಈ ವಯಸ್ಸಿಗೆ ಎಲ್ಲ ಹೆಂಗಸರಿಗೂ ಹೀಗೇ. ರಕ್ತ ಕಮ್ಮಿ" ಎಂದು ಟಾನಿಕ್ಕು ಬರೆದರು. ಕಾರವಾರದ ಹಬ್ಬುವಾಡದಲ್ಲಿರುವ ನನ್ನ ಅಣ್ಣ ಹಮ್ಮಣ್ಣ ಸುದ್ದಿ ಕೇಳಿದ್ದೇ, ಬಂದಾಗಲೆಲ್ಲ ಬೀಟ್‌ರೂಟು ಖರ್ಜೂರ ಹೊತ್ತು ತಂದ. ಎದುರಿಗೆ ಕೂತು ತಿನ್ನಿಸಿಯೇ ಹೋಗುತ್ತಿದ್ದ. ಅವನ ಪ್ರೀತಿಯೆಂದರೆ ಹಾಗೇ, ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಒಂದು ದಿನ ಕೌಂಟರಿನಲ್ಲಿ ರಸೀದಿ ಬರೆಯುತ್ತಿದ್ದವಳಿಗೆ ಬರೆದ ಅಕ್ಷರದ ಬಲಭಾಗ ಕಾಣಲಿಲ್ಲ. ಕಾಗದ ತಿರುಗಿಸಿದೆ. ಎದುರಿಗೆ ನಿಂತವರ ಮುಖ ನೋಡಿದೆ, ಅರ್ಧ ಮುಖವಿತ್ತು. ಸ್ವಲ್ಪ ಹೊತ್ತಿನಲ್ಲಿ ಪರದೆ ಸರಿದಂತೆ ಎಲ್ಲ ಮರಳಿ ಬಂತು, ಆದರೆ ಆ ಸ್ವಲ್ಪ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮನೆಯವರು ಸಂಘಕ್ಕೆ ರಜೆ ಹೇಳಿ ಅದೇ ದಿನ ಕಾರವಾರಕ್ಕೆ ಕರೆದೊಯ್ದರು.

ಅಲ್ಲಿ ಲ್ಯಾಬಿನವನು ರಕ್ತ ತೆಗೆದು ಒಳಗೆ ಹೋದ. ಹೊರಗೆ ಬಂದು ಮತ್ತೆ ತೆಗೆದ. ಮತ್ತೂ ಒಮ್ಮೆ ಬಂದ.

"ಎಂತಾತು?" ಎಂದೆ.

"ಮಷೀನು ತಪ್ಪು ತೋರಸ್ತದೆ. ಹೆಂಗಸರದ್ದು ಇಷ್ಟು ಬರೂದಿಲ್ಲ."

ಮಷೀನು ಸರಿಯಾಗಿಯೇ ಇತ್ತು. ರಕ್ತ ಗಂಜಿಯ ಹಾಗೆ ದಪ್ಪವಾಗಿದೆ, ಇದು ನಮ್ಮ ಕೈಯಲ್ಲಿ ಆಗುವುದಲ್ಲ ಎಂದು ಅಲ್ಲಿಯ ಡಾಕ್ಟರು ಗೋವಾಕ್ಕೆ ಕಳಿಸಿದರು.

ಗೋವಾದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಕಾಣಕೋಣದ ಕಡೆಯ ಮುದುಕಿಯೊಬ್ಬಳಿದ್ದಳು. ಮಗಳಿಗೆ ರಕ್ತ ಏರಿಸಲು ಬಂದವಳು. "ನಿಂಗೆಷ್ಟು ಬ್ಯಾಗು ಹೇಳಿದ್ದಾರೆ?" ಎಂದು ಕೊಂಕಣಿಯಲ್ಲಿ ಕೇಳಿದಳು. "ನಂಗೆ ಹಾಕೂದಲ್ಲ, ತೆಗೆಯೂದಂತೆ" ಎಂದು ನನಗೆ ಬರುವ ಕೊಂಕಣಿಯಲ್ಲಿ ಹೇಳಿದೆ. ಅವಳು ನನ್ನನ್ನೂ ಬಾಗಿಲ ಕಡೆಯನ್ನೂ ನೋಡಿ, ಸೆರಗು ಸರಿಮಾಡಿಕೊಂಡು ಆಚೆ ಸರಿದು ಕೂತಳು. ಅವಳನ್ನು ಬೈಯುವುದು ಹೇಗೆ? ಅವಳ ಮಗಳಿಗೆ ಇಲ್ಲದ್ದು ನನ್ನಲ್ಲಿ ತುಂಬಿ ಚೆಲ್ಲುತ್ತಿತ್ತು.

ಸೊಂಟದ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಆ ನೋವಿನ ಬಗ್ಗೆ ಹೇಳುವುದಿಲ್ಲ. ಆಗಲಿರುವವರಿಗೆ ಹೆದರಿಕೆ, ಆದವರಿಗೆ ಗೊತ್ತೇ ಇದೆ. ಮೂಳೆಯೊಳಗಿನ ಮಜ್ಜೆ ಲಗಾಮಿಲ್ಲದೆ ರಕ್ತ ತಯಾರಿಸುತ್ತಿದೆ, ದಪ್ಪ ರಕ್ತ ಎಲ್ಲಿ ಬೇಕಾದರೂ ಹೆಪ್ಪುಗಟ್ಟಬಹುದು, ಆ ದಿನ ಕಣ್ಣಿಗೆ ಆದದ್ದು ಎಚ್ಚರಿಕೆ ಎಂದರು ಡಾಕ್ಟರು. ಪೂರ್ತಿ ವಾಸಿಯಾಗುವುದಲ್ಲ, ಆದರೆ ಹಿಡಿತದಲ್ಲಿಟ್ಟುಕೊಂಡು ಬದುಕಬಹುದು. ಟಾನಿಕ್ಕನ್ನು ಬುಟ್ಟಿಗೆ ಹಾಕಿಸಿದರು. ಒಂದು ಸಣ್ಣ ಮಾತ್ರೆ ಬರೆದರು. ಆಗಾಗ ಒಂದು ಬ್ಯಾಗು ರಕ್ತ ತೆಗೆಸುತ್ತಿರಬೇಕು ಎಂದರು.

"ಅದಕ್ಕೆ ಪ್ರತಿ ಸಲ ಗೋವಾಕ್ಕೆ ಬರಬೇಕಾ?" ಎಂದು ನಮ್ಮನೆಯವರು ಕೇಳಿದರು.

"ಯಾಕೆ ಬರಬೇಕು? ಇದೇನು ದೊಡ್ಡ ವಿಷಯ? ನಿಮ್ಮ ಊರಲ್ಲೇ ಮಾಡಿಸಿ. ಒಂದು ಬ್ಲಡ್ ಬ್ಯಾಗು, ಒಂದು ಮಂಚ. ಅಷ್ಟೇ."

ಅಷ್ಟೇ! ಆ ಒಳ್ಳೆಯ ಡಾಕ್ಟರಿಗೆ ಅಂಕೋಲೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಅಂಕೋಲೆಯಲ್ಲಿ ಮಂಚಗಳು ಬೇಕಾದಷ್ಟಿದ್ದವು. ಬ್ಯಾಗು ಇರಲಿಲ್ಲ. ರಕ್ತನಿಧಿ ಇರುವ ಕಡೆ ಹೋಗಿ ಎಂದರು. ಕಾರವಾರದಲ್ಲಿ ನಾವು ಹೋದ ರಕ್ತನಿಧಿಯ ಮುಖ್ಯಸ್ಥರು ಸಭ್ಯರೇ. ಕೂರಿಸಿ ಮಾತಾಡಿದರು. "ನೋಡಿ ತಾಯಿ, ಇಲ್ಲಿರೋ ಬ್ಯಾಗು ದಾನಿಗಳಿಗೆ. ನಿಮ್ಮ ರಕ್ತ ಯಾರಿಗೂ ಕೊಡೂ ಹಾಗಿಲ್ಲ, ತೆಗೆದು ಎಸೀಬೇಕು. ಎಸೆಯೂದಕ್ಕೆ ಬ್ಯಾಗು ಖರ್ಚು ಮಾಡಿದೆ ಅಂತ ನಾನು ಮೇಲಿನವರಿಗೆ ಹೇಳೂದು ಹೇಗೆ? ಖಾಲಿ ಬ್ಯಾಗು ನೀವು ತನ್ನಿ, ತೆಗೆದುಕೊಡೂದು ನಮ್ಮ ಜವಾಬ್ದಾರಿ."

"ಖಾಲಿ ಬ್ಯಾಗು ಎಲ್ಲಿ ಸಿಗ್ತದೆ?"

"ಮೆಡಿಕಲ್ ಶಾಪಿನಲ್ಲಿ ಕೇಳಿ."

ಕೇಳಿದೆವು. ಕಾರವಾರದ ಮುಖ್ಯ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ. ಒಬ್ಬ ಬಿಸಿನೀರಿನ ರಬ್ಬರ್ ಚೀಲ ಕೊಟ್ಟ. ಇಬ್ಬರು ಮೂತ್ರದ ಚೀಲ ತೆಗೆದಿಟ್ಟರು. "ಇದಲ್ಲ, ರಕ್ತದ್ದು" ಎಂದರೆ, "ಎಲ್ಲಾ ಒಂದೇ ಪ್ಲಾಸ್ಟಿಕ್ಕು, ಬಾಯಿ" ಎಂದ ಒಬ್ಬ. ಇನ್ನೊಬ್ಬ ಧ್ವನಿ ತಗ್ಗಿಸಿ, ಯಾವ ಗುಂಪಿನ ರಕ್ತ ಬೇಕು ಎಂದು ಕೇಳಿದ. ರಕ್ತ ಬೇಡ, ಚೀಲ ಬೇಕು ಎಂದು ನಮ್ಮನೆಯವರು ಹೇಳಿದ ಮೇಲೆ ಅವನು ನಮ್ಮಿಬ್ಬರನ್ನೂ ನೋಡಿದ ನೋಟ ಪೊಲೀಸರದು. ನಮ್ಮನೆಯವರು ಶಾಂತ ಸ್ವಭಾವದವರು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು, "ತುಂಬಿದ ಬ್ಯಾಗು ಬೇಕಂದ್ರೆ ನಾಕು ಜನರ ಕಾಲು ಹಿಡೀಬಹುದು. ಖಾಲಿ ಬ್ಯಾಗಿಗೆ ಯಾರ ಕಾಲು ಹಿಡೀಬೇಕೇ?" ಎಂದರು. ಸಿಟ್ಟಿಗೋ ನಗುವಿಗೋ ಅವರ ಕಣ್ಣಲ್ಲಿ ನೀರು ಬಂದಿತ್ತು.

ಕೊನೆಗೆ ಬ್ಯಾಗು ಬಂದದ್ದು ಹುಬ್ಬಳ್ಳಿಯಿಂದ, ಸಂಘದ ಗುರುತಿನವರೊಬ್ಬರ ಮೂಲಕ, ಬಸ್ಸಿನ ಪಾರ್ಸೆಲ್ಲಿನಲ್ಲಿ. ಒಂದೊಂದೇ ಮಾರುವುದಿಲ್ಲವಂತೆ, ಇಡೀ ಪೆಟ್ಟಿಗೆ. ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದ ಚಪ್ಪಟೆ ಪೊಟ್ಟಣಗಳು. ಅದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಡಬಾರದೆಂದರು ಅತ್ತೆ. ಅಡುಗೆ ಮನೆಯಲ್ಲಿ ಬಿಸಿ. ನನ್ನ ಸೀರೆಗಳ ಕೆಳಗೆ ಇಟ್ಟೆ. ನಮ್ಮನೆಯವರು ಕುತೂಹಲಕ್ಕೆ ಒಂದನ್ನು ಒಡೆದೇಬಿಟ್ಟರು. ಒಳಗೆ ಮೆತ್ತಗಿನ ಪಾರದರ್ಶಕ ಚೀಲ, ಉದ್ದದ ನಳಿಕೆ, ನಳಿಕೆಯ ತುದಿಗೆ ಟೋಪಿ ಹಾಕಿದ ಸೂಜಿ. ಚೀಲದಲ್ಲಿ ನೀರಿನಂಥದು ಏನೋ ಇತ್ತು.

"ಖಾಲಿ ಅಂತ ಹೇಳಿ ಎಂತದೋ ತುಂಬಿಸಿ ಕೊಟ್ಟಾರೆ, ಮೋಸ!" ಎಂದರು.

ಮೋಸವಲ್ಲ, ರಕ್ತ ಹೆಪ್ಪುಗಟ್ಟದಂತೆ ತಯಾರಿಸುವಾಗಲೇ ಹಾಕಿದ ಔಷಧ ಅದು, ಪೊಟ್ಟಣ ಒಡೆದರೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಆಮೇಲೆ ತಿಳಿಸಿದವಳು ರಕ್ತನಿಧಿಯ ಶಾಲಿನಿ. ಕೋಡಿಬಾಗದ ಹುಡುಗಿ, ರಕ್ತ ತೆಗೆಯುವುದು ಅವಳ ಕೆಲಸ. ಇಷ್ಟು ಕಷ್ಟಪಟ್ಟು ತಂದದ್ದರಲ್ಲಿ ಮೊದಲನೆಯದು ಹೀಗೆ ಕಸವಾಯಿತು.

ಮೊದಲ ಸಲ ಮಂಚದ ಮೇಲೆ ಮಲಗಿದಾಗ ಎಡಕ್ಕೂ ಬಲಕ್ಕೂ ದಾನಿಗಳಿದ್ದರು. ಅವರ ಚೀಲ ಮಾತಾಡುವಷ್ಟರಲ್ಲಿ ತುಂಬುತ್ತಿತ್ತು, ನನ್ನದು ತೆವಳುತ್ತಿತ್ತು. ಮುಷ್ಟಿ ಬಿಗಿ, ಸಡಿಲಿಸು, ಬಿಗಿ. ನಡುವೆ ನಿಂತೇ ಹೋಯಿತು. ಶಾಲಿನಿ ಸೂಜಿ ಸರಿಪಡಿಸಿದಳು, ನಳಿಕೆ ಹಿಂಡಿದಳು, ಮತ್ತೆ ಹೊರಟಿತು. "ಅಕ್ಕಾ, ನಿಮ್ಮದು ರಕ್ತ ಅಲ್ಲ, ಬೆಲ್ಲದ ಪಾಕ" ಎಂದಳು. ತುಂಬಿದ ಮೇಲೆ ಚೀಲದ ಮೇಲೆ ದಪ್ಪ ಪೆನ್ನಿನಿಂದ ಅಡ್ಡಗೀಟು ಎಳೆದು, ಮುಚ್ಚಳದ ಡಬ್ಬಿಗೆ ಹಾಕಿದಳು. ಧೊಪ್ಪೆಂದು ಬಿತ್ತು. ಅದು ನನ್ನ ಮೈಯಲ್ಲಿ ಈಗಷ್ಟೇ ಓಡುತ್ತಿದ್ದದ್ದು.

ಚಹಾ ಬಿಸ್ಕೀಟಿನ ತಟ್ಟೆ ಹಿಡಿದು ಬಂದ ಅಟೆಂಡರು ಎಡಗಡೆಯವರಿಗೆ ಕೊಟ್ಟ, ನನ್ನನ್ನು ದಾಟಿ ಬಲಗಡೆಯವರಿಗೆ ಕೊಟ್ಟ. "ಇದು ದಾನಿಗಳಿಗೆ ಮಾತ್ರ" ಎಂದ, ನನ್ನ ಮುಖ ನೋಡದೆ. ಅಳು ಬರುವುದು ಇಂಥ ಸಣ್ಣ ಜಾಗದಲ್ಲೇ. ಮೂಳೆಗೆ ಸೂಜಿ ಹಾಕಿದಾಗ ಅಳದವಳು ಎರಡು ಬಿಸ್ಕೀಟಿಗೆ ಅತ್ತುಬಿಟ್ಟೆ. ಶಾಲಿನಿ ತನ್ನ ಮೇಜಿನ ಮೇಲಿದ್ದ ಚಹಾ ತಂದು ನನ್ನ ಕೈಗೆ ಕೊಟ್ಟು, "ಸಕ್ರೆ ಜಾಸ್ತಿ ಅದೆ, ಅಡ್ಡಿಲ್ಲ ಅಲ್ಲಾ?" ಎಂದಳು. ಅಷ್ಟೇ ಮಾಡಿದ್ದು ಅವಳು. ನಾನು ಅದನ್ನು ಮರೆಯಲಾರೆ.

ಬಸ್ಸಿನಲ್ಲಿ ಬರುವಾಗ ತಲೆ ಹಗುರಾಗಿತ್ತು. ಎಷ್ಟೋ ತಿಂಗಳಿನಿಂದ ಹೊತ್ತ ಕಲ್ಲನ್ನು ಯಾರೋ ಇಳಿಸಿದ ಹಾಗೆ. ಈ ಸುಖಕ್ಕಾಗಿ ಇಷ್ಟು ಗೋಳೇ ಎನಿಸಿತು.

ಗೋಳು ಮುಗಿದಿರಲಿಲ್ಲ. ಸುದ್ದಿ ಹರಡಿದ ಮೇಲೆ ಕೌಂಟರಿನ ಮುಂದೆ ಬಿಲ್ಲಿಗಿಂತ ಸಲಹೆಯೇ ಜಾಸ್ತಿ. ಮೊಬೈಲು ಬಂದು ಜನ ಮನೆಯ ಫೋನನ್ನು ವಾಪಸು ಕೊಡಲು ಸಾಲು ನಿಲ್ಲುತ್ತಿದ್ದ ದಿನಗಳು. ಫೋನು ಕೊಟ್ಟು, ಜೊತೆಗೆ ಸಲಹೆ ಕೊಟ್ಟು ಹೋಗುತ್ತಿದ್ದರು. ಜಿಗಣೆ ಹಚ್ಚಿಸಿ. ಉಪವಾಸ ಮಾಡಿ. ಮೀನು ಬಿಡಿ. "ಚೆಲ್ಲೂದ್ಯಾಕೆ, ನಮ್ಮ ಅತ್ತಿಗೆಗೆ ರಕ್ತವೇ ಇಲ್ಲ, ಅವಳಿಗೆ ಕೊಡಿ." ರೋಗದ ರಕ್ತ, ಯಾರಿಗೂ ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಕೇಳಿದವರು ತಲೆ ಆಡಿಸುತ್ತಿದ್ದರು. ನಂಬುತ್ತಿರಲಿಲ್ಲ. ಕಣ್ಣೆದುರಿಗೆ ಇಷ್ಟು ಕೆಂಪಗೆ, ಇಷ್ಟು ಗಟ್ಟಿಮುಟ್ಟಾಗಿ ಕೂತವಳ ರಕ್ತ ಕೆಟ್ಟದ್ದಾಗುವುದು ಹೇಗೆ?

ಹೊರಗಿನವರು ನಂಬದಿದ್ದರೆ ಹೋಗಲಿ. ನಂಬದವರಲ್ಲಿ ಮೊದಲನೆಯವನು ನನ್ನ ಅಣ್ಣ.

ಹಮ್ಮಣ್ಣನಿಗೆ ಒಬ್ಬಳೇ ಮಗಳು, ಸಂಧ್ಯಾ. ಮದುವೆಯಾಗಿ ವರ್ಷಗಳ ಮೇಲೆ ಬಸುರಿಯಾಗಿ ಹಬ್ಬುವಾಡಕ್ಕೆ ಬಂದಿದ್ದಳು. ಮಾಸು ಕೆಳಗೆ, ಗರ್ಭಕೋಶದ ಬಾಯಿಗೇ ಕೂತಿದೆ, ಆಪರೇಷನ್ನೇ ಆಗಬೇಕು, ರಕ್ತ ಹೋಗಬಹುದು, ಮೊದಲೇ ರಕ್ತ ಹೊಂದಿಸಿ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅವಳದು ಬಿ ನೆಗೆಟಿವ್. ಸುಲಭಕ್ಕೆ ಸಿಗುವ ಗುಂಪಲ್ಲ. ನಮ್ಮ ಇಡೀ ಕುಟುಂಬದಲ್ಲಿ ಅದೇ ಗುಂಪಿನವಳು ಇನ್ನೊಬ್ಬಳೆಂದರೆ ನಾನು.

ಅಣ್ಣ ನಿಶ್ಚಿಂತೆಯಿಂದ ಇದ್ದುಬಿಟ್ಟ. ಬೀಗರಿಗೂ ಹೇಳಿದ, ನೆರೆಯವರಿಗೂ ಹೇಳಿದ: "ನಮಗೆಂತ ಚಿಂತೆ? ತಂಗಿ ಗಿರಿಜಾಂದು ಹೇಗೂ ತೆಗೀತಾರೆ. ಅದನ್ನೇ ಇಟ್ಟುಕೊಂಡ್ರಾತು." ಬೇರೆ ಯಾರನ್ನೂ ಹುಡುಕಲಿಲ್ಲ. ನನಗೆ ತಿಳಿದದ್ದೇ ಹಬ್ಬುವಾಡಕ್ಕೆ ಓಡಿದೆ.

"ಅಣ್ಣಾ, ನನ್ನದು ಆಗೂದಿಲ್ಲ. ಎಷ್ಟು ಸಲ ಹೇಳಿದ್ದೆ ನಾನು?"

"ಎಂತಕ್ಕೆ ಆಗೂದಿಲ್ಲ? ಗುಂಪು ಅದೇ ಅಲ್ಲಾ?"

"ಗುಂಪು ಅದೇ. ರೋಗದ್ದು. ಯಾರಿಗೂ ಕೊಡೂ ಹಾಗಿಲ್ಲ."

"ಯಾರಿಗೂ ಅಂದ್ರೆ ಹೊರಗಿನವ್ರಿಗೆ. ಸಂಧ್ಯಾ ಹೊರಗಿನವಳಾ?"

ಮರುದಿನ ಅವನೇ ರಕ್ತನಿಧಿಗೆ ಹೋಗಿ ಕೇಳಿದ. ಅವರೂ ಆಗುವುದಿಲ್ಲ ಎಂದರು. ಅಲ್ಲಿಂದ ನನಗೆ ಆಫೀಸಿಗೇ ಫೋನು ಮಾಡಿದ.

"ನೀ ಮೊದಲೇ ಹೋಗಿ ಅವ್ರಿಗೆ ಹೇಳಿ ಇಟ್ಟೀಯೆ."

"ನಾ ಎಂತ ಹೇಳೂದು, ಅಣ್ಣಾ?"

"ಕೊಡೂಕೆ ಮನಸ್ಸಿಲ್ಲ ಅಂದ್ರೆ ನೇರ ಹೇಳು. ಕಸದ ಡಬ್ಬಿಗೆ ಹಾಕೂದು ಅಡ್ಡಿಲ್ಲ ನಿಂಗೆ, ಅಣ್ಣನ ಮಗಳಿಗೆ ಅಂದ್ರೆ ರೋಗ ಬರ್ತದೆ!"

ಕೌಂಟರಿನ ಆಚೆ ಜನ ನಿಂತಿದ್ದರು. ನಾನು ಫೋನು ಇಟ್ಟುಬಿಟ್ಟೆ. ಅಪ್ಪ ಹೋದ ಮೇಲೆ ನನ್ನನ್ನು ಶಾಲೆಗೆ ಹಾಕಿದವನು, ಮದುವೆ ಮಾಡಿದವನು ಅವನು. ಅವನ ಬಾಯಲ್ಲಿ ಈ ಮಾತು! ಸಿಟ್ಟಿನಲ್ಲಿ ಅತ್ತೆಯ ಮುಂದೆ ಹೇಳಿಕೊಂಡರೆ ಅವರು, "ನಾ ಹೇಳ್ಲಿಲ್ವಾ, ಅದಿರು ಹೊಕ್ಕದ್ದು ಅಂತ ಹೇಳಿದ್ರೆ ಆಗ್ತಿತ್ತು. ರೋಗ ಅಂದ್ರೆ ಯಾರು ನಂಬ್ತಾರೆ?" ಎಂದರು.

ಮರುವಾರ ಸಂಧ್ಯಾ ತಾನೇ ಫೋನು ಮಾಡಿದಳು, ಅಪ್ಪ ಮನೆಯಲ್ಲಿಲ್ಲದಾಗ. "ಅತ್ತೆ, ಅಪ್ಪನ ಮಾತು ಬಿಟ್ಟಾಕು. ನಿಂದು ಆಗೂದಿಲ್ಲ ಅಂತ ನಂಗೆ ಡಾಕ್ಟ್ರು ಹೇಳಿದ್ದಾರೆ. ಆದ್ರೆ ಬೇರೆ ಯಾರೂ ಸಿಕ್ಲಿಲ್ಲ. ಅಪ್ಪ ಹುಡುಕೂದೂ ಇಲ್ಲ, ನಿನ್ ಮೇಲಿನ ಹಟಕ್ಕೆ." ಕಡೆಗೆ, "ನಂಗೆ ಹೆದರಿಕೆ ಆಗ್ತದೆ" ಎಂದಳು.

ಹೆದರಿಕೆ ನನಗೂ ಆಯಿತು. ಸಿಟ್ಟನ್ನು ಪಕ್ಕಕ್ಕಿಟ್ಟೆ. ಬಿಡಲಿಲ್ಲ, ಪಕ್ಕಕ್ಕಿಟ್ಟೆ.

ಕೌಂಟರಿನಲ್ಲಿ ಕೂತವಳಿಗೆ ಒಂದು ಅನುಕೂಲವಿದೆ, ಎಲ್ಲರೂ ನಿಮ್ಮ ಎದುರಿಗೇ ಬರಬೇಕು. ಬಂದವರನ್ನೆಲ್ಲ ಕೇಳತೊಡಗಿದೆ. "ಫೋನು ವಾಪಸು ತಗೊಳ್ತೆ, ನಿಮ್ಮ ಬ್ಲಡ್ ಗ್ರೂಪು ಯಾವ್ದು?" ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಲ್ಲಿ ನಾಳೆ ನೆನಪು ಮಾಡಿ ಎಂದವರು ಮತ್ತೆ ಕಾಣಲಿಲ್ಲ. ಬೀದಿ ಫೋನಿನ ಬೂತಿನವರು ಬಿಲ್ಲು ಕಟ್ಟಲು ಬರುತ್ತಿದ್ದರಲ್ಲ, ಅವರಿಗೆಲ್ಲ ಒಂದೊಂದು ಚೀಟಿ ಬರೆದುಕೊಟ್ಟೆ: ಬಿ ನೆಗೆಟಿವ್ ರಕ್ತ ಬೇಕಾಗಿದೆ, ಹೆರಿಗೆಗೆ. ಗಾಜಿಗೆ ಅಂಟಿಸಿ ಎಂದೆ.

ಫೋನು ಬಂದದ್ದು ಬೇಲೆಕೇರಿ ಕ್ರಾಸಿನ ಬೂತಿನಿಂದ. ಅದಿರಿನ ಲಾರಿಯವರು ಊರಿಗೆ ಫೋನು ಮಾಡುವ ಬೂತು ಅದು. ಧ್ವನಿ ಹೊಸಪೇಟೆ ಕಡೆಯದು. "ನಮಸ್ಕಾರ್ರಿ ಅಕ್ಕಾರ. ನಂದು ಬಿ ನೆಗೆಟಿವ್ ಐತ್ರಿ. ಕೊಟ್ಟ ಮ್ಯಾಲ ಗಾಡಿ ಹೊಡೀಬಹುದೇನ್ರಿ?"

ಹೆಸರು ಹುಲಗಪ್ಪ. ಆ ಲಾರಿಗಳನ್ನು ನಾವು ಬೈಯದ ದಿನವಿರಲಿಲ್ಲ. ನಮ್ಮ ಬಾವಿ, ಬಟ್ಟೆ, ಮಕ್ಕಳ ಶ್ವಾಸಕೋಶ, ಎಲ್ಲಕ್ಕೂ ಅವರನ್ನೇ ಬೈದಿದ್ದೆವು, ತಪ್ಪೇನೂ ಅಲ್ಲ. ಲಾರಿ ಬಂದರಿನ ಸಾಲಿನಲ್ಲಿ ನಿಂತಿದ್ದಾಗ ಅವನನ್ನು ನಮ್ಮನೆಯವರು ಕಾರವಾರಕ್ಕೆ ಕರೆದೊಯ್ದರು, ನಾನೂ ಜೊತೆಗೆ ಹೋದೆ. ಅಂಗಿಯ ತೋಳು ಮಡಿಸಿದರೆ ಒಳಗೂ ಕೆಂಪು ಧೂಳು. ಶಾಲಿನಿ ಸ್ಪಿರಿಟ್ಟಿನ ಹತ್ತಿಯಿಂದ ಎಷ್ಟು ಒರೆಸಿದರೂ ಹತ್ತಿ ಕೆಂಪಾಗುತ್ತಲೇ ಇತ್ತು. ಅವನ ಚೀಲ ಎಷ್ಟು ಬೇಗ ತುಂಬಿತೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಪರೀಕ್ಷೆಯಲ್ಲಿ ಎಲ್ಲ ಸರಿ ಬಂತು. ಸಂಧ್ಯಾಳ ಹೆಸರಿನಲ್ಲಿ ತಂಪುಪೆಟ್ಟಿಗೆಗೆ ಹೋಯಿತು. ಇನ್ನೊಂದನ್ನು ರಕ್ತನಿಧಿಯವರು ಬೇರೆ ಊರಿನಿಂದ ತರಿಸಿದರು.

"ನಮ್ಮ ಮನಿಯಾಕಿಗೂ ಹಿಂಗ ಆಗಿತ್ರಿ, ಯಾರೋ ಕೊಟ್ಟಿದ್ರು. ಯಾರು ಅಂತ ಗೊತ್ತಿಲ್ಲ" ಎಂದು ಹುಲಗಪ್ಪ ಹೇಳಿದ. ಊಟಕ್ಕೆ ಮನೆಗೆ ಬಾ ಎಂದರೆ, ಸಾಲು ಮುಂದೆ ಹೋಗಿರುತ್ತದೆ ಎಂದು ಹೊರಟುಬಿಟ್ಟ.

ಆಪರೇಷನ್ನಿನ ದಿನ ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಅಣ್ಣ ಅತ್ತಿಗೆ, ಇನ್ನೊಂದು ತುದಿಯಲ್ಲಿ ನಾನು. ಮಗುವಿನ ಅಳು ಕೇಳಿತು. ಹೆಣ್ಣು ಎಂದು ಹೇಳಿ ಹೋದರು. ಆಮೇಲೆ ಯಾರೂ ಹೊರಗೆ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಳಗೆ ಓಡಾಟ. ಒಬ್ಬ ನರ್ಸು ಹುಲಗಪ್ಪನ ಚೀಲ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಚೀಲ. ಅಣ್ಣ ಎದ್ದು ನಿಂತ, ಕೂತ, ಎದ್ದ. ಅವನ ಪಂಚೆಯ ಅಂಚು ನಡುಗುವುದು ನನ್ನ ಕಡೆಯಿಂದಲೂ ಕಾಣುತ್ತಿತ್ತು. ಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು. ಹೋಗಲಿಲ್ಲ. ಅವನು ಕರೆಯಲೂ ಇಲ್ಲ.

ಸಂಧ್ಯಾ ಉಳಿದಳು. ಸಂಜೆ ನೋಡಲು ಬಿಟ್ಟಾಗ ಮುಖ ಬಿಳಿಚಿಕೊಂಡಿತ್ತು. ತಲೆಯ ಮೇಲೆ ಕಂಬಿಗೆ ಎರಡನೆಯ ಚೀಲ ತೂಗುತ್ತಿತ್ತು, ಹನಿಹನಿಯಾಗಿ ಇಳಿಯುತ್ತಿತ್ತು. ನನ್ನ ಸೀರೆಗಳ ಕೆಳಗೆ ಇದ್ದಂಥದೇ ಚೀಲ. ಅದು ಅಷ್ಟು ಎತ್ತರದಲ್ಲಿ ತೂಗುವುದನ್ನು ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲ. ನನ್ನದು ಯಾವಾಗಲೂ ಮಂಚದ ಕೆಳಗೆ.

ಅಣ್ಣ ಕ್ಷಮೆ ಗಿಮೆ ಕೇಳುವವನಲ್ಲ. ನಾನೂ ಕಾಯಲಿಲ್ಲ. ಮಗುವಿನ ನಾಮಕರಣಕ್ಕೆ ಹೋಗಿ ಉಂಡು ಬಂದೆ. ಅವನು ಬಡಿಸುವಾಗ, "ಪಾಯಸ ಹಾಕಿಸಿಕೋ" ಎಂದ. ಅಷ್ಟೇ ಮಾತು.

ಅದಾದ ಮೇಲೆ ನನ್ನ ರಕ್ತ ತೆಗೆಸುವ ದಿನ ಬಂತು. ಸಂಘದ ವಾರ್ಷಿಕ ಸಭೆ ಎಂದು ನಮ್ಮನೆಯವರು ಬರುವ ಹಾಗಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಕಾರವಾರದಲ್ಲಿ ಇಳಿದರೆ ಅಣ್ಣ ನಿಂತಿದ್ದ. ಯಾರು ಹೇಳಿದರೋ. ನನ್ನ ಚೀಲದಿಂದ ಬೆಳ್ಳಿ ಪೊಟ್ಟಣ ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ನಡೆದ.

ಆ ದಿನ, ರಕ್ತ ಔಷಧದೊಂದಿಗೆ ಬೆರೆಯುವಂತೆ ಚೀಲ ಅಲ್ಲಾಡಿಸುವ ಯಂತ್ರ ಕೆಟ್ಟಿತ್ತು. ಶಾಲಿನಿ ಸೂಜಿ ಹಾಕಿ, ಅಣ್ಣನನ್ನು ನೋಡಿ, "ಕಾಕಾ, ಇದನ್ನು ಸ್ವಲ್ಪ ಮೆತ್ತಗೆ ಆಡಿಸ್ತಾ ಇರ್ತೀರಾ?" ಎಂದಳು. ಅವನು ಪಂಚೆ ಎತ್ತಿ ಕಟ್ಟಿ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಚೀಲವನ್ನು ಅಂಗೈ ಮೇಲೆ ಇಟ್ಟುಕೊಂಡ.

"ಬಿಸಿ ಅದೆ" ಎಂದ.

"ಹೌದು" ಎಂದೆ.

ಅರ್ಧಕ್ಕೆ ಬಂದು ಎಂದಿನಂತೆ ನಿಂತಿತು. ಶಾಲಿನಿ ನಳಿಕೆಯನ್ನು ಹಿಂಡಿದಳು. ಒಳಗೆ ಕಪ್ಪಗಿನ ಒಂದು ಗಂಟು ಇತ್ತು, ಕೋಕಂ ಸಿಪ್ಪೆಯ ಚೂರಿನ ಹಾಗೆ. ಮುಂದೆಯೂ ಹೋಗದು, ಹಿಂದೆಯೂ ಬಾರದು. ಅಣ್ಣ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇಂಥದು ನಿನ್ನ ತಲೆಯೊಳಗೆ ಹೋದ್ರೆ?"

"ಆ ದಿನ ಕಣ್ಣಿಗೆ ಹೋಗಿದ್ದು ಇಂಥದೇ ಅಂತೆ."

ಸೂಜಿ ಬದಲಿಸಲು ನಾನು ಹೆಚ್ಚಿಗೆ ತಂದಿದ್ದ ಇನ್ನೊಂದು ಚೀಲ ಬೇಕಾಯಿತು, ಇನ್ನೊಂದು ಕೈ, ಇನ್ನೊಂದು ಚುಚ್ಚು. ನಾನು ಹಲ್ಲು ಕಚ್ಚಿದೆ. ಅಣ್ಣ ಮತ್ತೆ ಕೂತ, ಮತ್ತೆ ಆಡಿಸಿದ. ಮೊಮ್ಮಗಳ ತೊಟ್ಟಿಲು ತೂಗಿ ಬಂದ ಕೈ ಅದು, ಲಯ ತಪ್ಪುತ್ತಿರಲಿಲ್ಲ.

ಮುಗಿದ ಮೇಲೆ ಶಾಲಿನಿ ಅಡ್ಡಗೀಟು ಎಳೆದು, "ಅಲ್ಲಿ ಆ ಡಬ್ಬಿಗೆ ಹಾಕಿ ಕಾಕಾ" ಎಂದಳು. ಅಣ್ಣ ಎರಡೂ ಚೀಲ ಹಿಡಿದು ಹೋದ. ಮುಚ್ಚಳ ತೆಗೆದ. ಧೊಪ್ಪೆಂಬ ಸದ್ದಿಗೆ ಕಾದೆ, ಕೇಳಲಿಲ್ಲ. ತಲೆ ಎತ್ತಿ ನೋಡಿದರೆ ಮೊಣಕೈವರೆಗೆ ಡಬ್ಬಿಯೊಳಗೆ ಕೈ ಇಳಿಸಿ, ತಳದಲ್ಲಿ ಒಂದರ ಪಕ್ಕ ಒಂದನ್ನು ಇಡುತ್ತಿದ್ದ.

"ಅಯ್ಯೋ ಕಾಕಾ, ಅದರೊಳಗೆ ಕೈ ಹಾಕೂದಾ! ಮೊದಲು ಸೋಪು ಹಚ್ಚಿ ತೊಳೀರಿ" ಎಂದು ಶಾಲಿನಿ ಕೂಗಿದಳು.

ಅವನು ಕೈ ತೊಳೆದು, ಪಂಚೆಗೆ ಒರೆಸುತ್ತ ಅವಳ ಮೇಜಿನ ಹತ್ತಿರ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ.

"ಒಂದು ಮಾತು ಕೇಳ್ತೆ, ಸಿಟ್ಟು ಮಾಡ್ಕೊಳ್ಳೂದು ಬೇಡ. ಮನುಷ್ಯರಿಗೆ ಆಗೂದಿಲ್ಲ, ಆತು, ಒಪ್ಪಿದೆ. ತೆಂಗಿನ ಬುಡಕ್ಕೆ ಹಾಕೂಕಾದ್ರೂ ಬರೂದಿಲ್ವಾ?"

"ಅಣ್ಣಾ!" ಎಂದು ಮಲಗಿದ್ದಲ್ಲಿಂದಲೇ ಕಿರುಚಿದೆ. ಇಷ್ಟು ದಿನದ ಸಿಟ್ಟೆಲ್ಲ ಆ ಕೂಗಿನಲ್ಲಿತ್ತು, ಆದರೆ ಬಾಯಿಂದ ಹೊರಬಂದದ್ದು ನಗು. ಎಷ್ಟು ನಕ್ಕೆನೆಂದರೆ ಮಡಚಿದ್ದ ಮೊಣಕೈ ಬಿಚ್ಚಿ, ಹತ್ತಿ ಜಾರಿ, ರಕ್ತ ಮಣಿಕಟ್ಟಿನವರೆಗೆ ಹರಿಯಿತು. ಅಣ್ಣ ಓಡಿ ಬಂದು ಹೆಬ್ಬೆರಳಿನಿಂದ ಒತ್ತಿ ಹಿಡಿದ. "ಸುಮ್ನಿರೇ, ಹೋಗ್ತದೆ ರಕ್ತ" ಎಂದು ಗದರಿದ.

"ಹೋಗ್ಲಿ ಬಿಡೋ" ಎಂದೆ.

ಅವನು ಬಿಡಲಿಲ್ಲ.